ಪ್ರವಾಸಕ್ಕಿಂತ ಬಿಡಾರ ಮೇಲು

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಪ್ರೌಢಶಾಲೆಗಳಲ್ಲಿ ಶೈಕ್ಷಣಿಕ ಪ್ರವಾಸದ ಮಾತು ಏಳುತ್ತದೆ. ಅದರ ಕ್ರಮ ನಿಮಗೆಲ್ಲ ಗೊತ್ತಿರುವಂಥದ್ದೇ. ರಾತ್ರಿ ಹತ್ತು ಗಂಟೆಗೆ ಶಾಲೆಯ ಮುಂದೆ ತೆಂಗಿನಕಾಯಿ ಒಡೆದು ಬಸ್ಸು ಹೊರಡುತ್ತದೆ. ಬೆಳಗಿನ ಜಾವ ಯಾವುದೋ ದೇವಸ್ಥಾನದ ಮುಂದೆ ನಿಲ್ಲುತ್ತದೆ. ಅಲ್ಲಿ ಮುಖಮಾರ್ಜನ, ದರ್ಶನ, ಉಪ್ಪಿಟ್ಟು. ಹತ್ತು ಗಂಟೆಗೆ ಜಲಪಾತ, ಹನ್ನೆರಡಕ್ಕೆ ಅಣೆಕಟ್ಟು, ಮೂರಕ್ಕೆ ಕೋಟೆ, ಸಂಜೆಗೆ ಕಡಲತೀರ. ಮೂರು ದಿನದಲ್ಲಿ ಹದಿನಾಲ್ಕು ಸ್ಥಳಗಳನ್ನು 'ಮುಗಿಸಿದೆವು' ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಉಪಾಧ್ಯಾಯ ಮಿತ್ರರನ್ನು ನಾನು ಕಂಡಿದ್ದೇನೆ. ಊರಿಗೆ ಮರಳಿದ ಮಗುವನ್ನು ಏನು ನೋಡಿದೆ ಎಂದು ಕೇಳಿದರೆ, ಬಸ್ಸಿನಲ್ಲಿ ಹಾಕಿದ ಹಾಡುಗಳನ್ನೂ, ವಾಂತಿ ಮಾಡಿಕೊಂಡ ಗೆಳೆಯನ ಹೆಸರನ್ನೂ ಹೇಳುತ್ತದೆ. ತಪ್ಪು ಮಗುವಿನದಲ್ಲ. ಅದು ನೋಡಿದ್ದೇ ಅಷ್ಟು.

ಮೂವತ್ತಕ್ಕೂ ಹೆಚ್ಚು ವರ್ಷ ಸಮಾಜ ವಿಜ್ಞಾನವನ್ನು ಬೋಧಿಸಿದವನಾಗಿ ನಾನು ಹೇಳುವುದಿಷ್ಟೇ: ಹದಿನಾಲ್ಕು ಸ್ಥಳ ಬೇಡ, ಒಂದೇ ಸ್ಥಳ ಸಾಕು, ಆದರೆ ಅಲ್ಲಿ ಎರಡು ರಾತ್ರಿ ತಂಗಬೇಕು. ಹಿಂದಿನವರು ಇದಕ್ಕೆ 'ಬಿಡಾರ ಹೂಡುವುದು' ಎನ್ನುತ್ತಿದ್ದರು. ದಂಡು ಬಿಡಾರ ಹೂಡುತ್ತಿತ್ತು, ಜಾತ್ರೆಗೆ ಹೋದ ಗಾಡಿಗಳು ಬಿಡಾರ ಹೂಡುತ್ತಿದ್ದವು, ಅಮಲ್ದಾರರು ಜಮಾಬಂದಿಗೆ ಬಂದರೆ ಊರ ತೋಪಿನಲ್ಲಿ ಬಿಡಾರ ಬೀಳುತ್ತಿತ್ತು. ಈಗ ಅದನ್ನೇ ಕ್ಯಾಂಪು ಎನ್ನುತ್ತೇವೆ. ಹೆಸರು ಯಾವುದಾದರೂ ಇರಲಿ.

ಈ ವಿಷಯವನ್ನು ಈಗ ಎತ್ತಲು ಕಾರಣವುಂಟು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ಹೆಣ್ಣುಮಕ್ಕಳು ಪ್ರವಾಸಕ್ಕೆಂದು ಹೋಗಿ ನೀರುಪಾಲಾದರು. ಆ ಸುದ್ದಿಯನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಅಂದಿನಿಂದ ನಮ್ಮ ಕಡೆಯ ತಂದೆತಾಯಿಗಳು, ಅದರಲ್ಲೂ ಹೆಣ್ಣುಮಕ್ಕಳ ತಂದೆತಾಯಿಗಳು, ಪ್ರವಾಸವೆಂದರೆ ಹಿಂಜರಿಯುತ್ತಾರೆ. ಮುಖ್ಯೋಪಾಧ್ಯಾಯರು ಸಹಿ ಹಾಕಲು ಅಂಜುತ್ತಾರೆ. ನನ್ನ ಶಿಷ್ಯನೇ ಆಗಿದ್ದು ಈಗ ಮುಖ್ಯೋಪಾಧ್ಯಾಯನಾಗಿರುವ ಒಬ್ಬಾತ, "ಸಾರ್, ಪ್ರವಾಸವನ್ನೇ ನಿಲ್ಲಿಸಿಬಿಡೋಣ ಅಂತಿದ್ದೇನೆ, ನಿಮ್ಮ ಅಭಿಪ್ರಾಯವೇನು?" ಎಂದು ಕೇಳಿದ. ಅವನ ಭಯ ಸಹಜವಾದದ್ದು, ಹಾಗೆಂದು ಮಕ್ಕಳನ್ನು ಮನೆಯಲ್ಲೇ ಉಳಿಸುವುದು ಪರಿಹಾರವಲ್ಲ. ಅವಸರದ ಪ್ರವಾಸದಲ್ಲಿ ನಿದ್ದೆಗೆಟ್ಟ ಚಾಲಕ, ನಿದ್ದೆಗೆಟ್ಟ ಉಪಾಧ್ಯಾಯ, ನಿದ್ದೆಗೆಟ್ಟ ಮಕ್ಕಳು ಗುರುತಿಲ್ಲದ ಸ್ಥಳದಿಂದ ಗುರುತಿಲ್ಲದ ಸ್ಥಳಕ್ಕೆ ಓಡುತ್ತಾರೆ. ಯಾವ ನೀರು ಎಷ್ಟು ಆಳ, ಯಾವ ಬಂಡೆ ಜಾರುತ್ತದೆ ಎಂದು ಅಲ್ಲಿಯವರನ್ನು ಕೇಳುವ ವ್ಯವಧಾನವೂ ಇರುವುದಿಲ್ಲ. ಒಂದೇ ಕಡೆ ತಂಗಿದವನಿಗೆ ಆ ವ್ಯವಧಾನ ದೊರೆಯುತ್ತದೆ. ಮೊದಲ ದಿನ ಉಪಾಧ್ಯಾಯನು ಸ್ಥಳವನ್ನು ಸುತ್ತಿ ನೋಡುತ್ತಾನೆ, ಎರಡನೆಯ ದಿನ ಮಕ್ಕಳನ್ನು ಕರೆದೊಯ್ಯುತ್ತಾನೆ.

ಎಲ್ಲಿಗೆ ಹೋಗಬೇಕು ಎಂದು ಕೇಳಿದರೆ ನನ್ನ ಉತ್ತರ ಚಿತ್ರದುರ್ಗದ ಚಂದ್ರವಳ್ಳಿ. ನಮ್ಮ ನೊಣವಿನಕೆರೆಯಿಂದ ಚಿಕ್ಕನಾಯಕನಹಳ್ಳಿ, ಹುಳಿಯಾರು, ಹಿರಿಯೂರುಗಳ ಮೇಲೆ ಹೋದರೆ ಬೆಳಗಿನ ತಿಂಡಿ ತಿಂದು ಹೊರಟವರು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ತಲುಪುತ್ತಾರೆ. ರಾತ್ರಿ ಪ್ರಯಾಣದ ಅಗತ್ಯವೇ ಇಲ್ಲ. ಹಿರಿಯೂರಿನ ಬಳಿ ದಾರಿ ತಿರುಗಿಸಿ ವಾಣಿವಿಲಾಸ ಸಾಗರವನ್ನೂ ತೋರಿಸಬಹುದು. ವೇದಾವತಿ ನದಿಗೆ 1907ರಲ್ಲಿ ಕಟ್ಟಿ ಮುಗಿಸಿದ ಆ ಜಲಾಶಯ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ! ಕೆರೆಯ ಕೋಡಿಯನ್ನು ನೋಡಲು ಊರಿಗೆ ಊರೇ ಹೋಗುವ ನಮ್ಮ ಸೀಮೆಯ ಮಕ್ಕಳಿಗೆ ಈ ಅಂಕಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಂದ್ರವಳ್ಳಿಯೆಂಬುದು ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡ ಎಂಬ ಮೂರು ಬೆಟ್ಟಗಳ ನಡುವಣ ಕಣಿವೆ. ಅಲ್ಲಿ ಅಂಕಲಿ ಮಠವೆಂಬ ಗುಹಾಲಯವಿದೆ. ಬಗ್ಗಿ ಇಳಿದರೆ ನೆಲದ ಕೆಳಗೆ ಒಂದರೊಳಗೊಂದು ಕೋಣೆಗಳು, ಪೂಜೆಯ ಸ್ಥಳ, ಗೋಡೆಯ ಮೇಲೆ ಮಾಸಿದ ಬಣ್ಣ. ಟಾರ್ಚು ಆರಿಸಿದರೆ ಕೈಗೆ ಕೈ ಕಾಣದ ಕತ್ತಲೆ. ಮಾರ್ಗದರ್ಶಕರಿಲ್ಲದೆ ಯಾರೂ ಒಳಗೆ ಹೋಗತಕ್ಕದ್ದಲ್ಲ. ಹತ್ತಿರದಲ್ಲೇ ಪಂಚಲಿಂಗಗಳಿವೆ. ಪಾಂಡವರು ಸ್ಥಾಪಿಸಿದರೆಂದು ಐತಿಹ್ಯ. (ನಮ್ಮ ನಾಡಿನಲ್ಲಿ ಪಾಂಡವರು ತಂಗದ ಗುಹೆಯೇ ಇಲ್ಲ. ಹನ್ನೆರಡು ವರ್ಷದ ವನವಾಸಕ್ಕೆ ಅಷ್ಟೊಂದು ಬಿಡಾರಗಳು ಬೇಕಾದದ್ದು ಸಹಜವೇ!)

ಆದರೆ ನಾನು ಆ ಸ್ಥಳವನ್ನು ಆರಿಸುವುದು ಕೇವಲ ಗುಹೆಗಾಗಿ ಅಲ್ಲ. ಅಲ್ಲಿಯ ಭೈರವೇಶ್ವರ ಗುಡಿಯ ಬಳಿ ಬಂಡೆಯೊಂದರ ಮೇಲೆ ಪ್ರಾಕೃತ ಭಾಷೆಯ ಮೂರು ಸಾಲುಗಳ ಶಾಸನವಿದೆ. ಅದು ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನದು, ನಾಲ್ಕನೆಯ ಶತಮಾನದ್ದು. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ. ಎಚ್. ಕೃಷ್ಣ ಅವರು 1929ರಲ್ಲಿ ಅದನ್ನು ಗುರುತಿಸಿದರು. ಹಲ್ಮಿಡಿ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರೂ ಅವರೇ. ಮಯೂರಶರ್ಮನ ಶಾಸನದಲ್ಲಿ ಹಲವು ರಾಜ್ಯಗಳ ಹೆಸರಿವೆಯೆಂದು ಕೃಷ್ಣ ಅವರು ಓದಿದರು. ಆ ಓದನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ನನಗೆ ಮುಖ್ಯವೆನಿಸುವುದು ಅದರಲ್ಲಿಯ ಬೇರೊಂದು ಸಂಗತಿ. ಕನ್ನಡ ನಾಡಿನ ಮೊದಲ ಸ್ವತಂತ್ರ ರಾಜವಂಶವನ್ನು ಕಟ್ಟಿದವನು ಆ ಬಂಡೆಯ ಮೇಲೆ ಬರೆಸಿದ್ದು ಒಂದು ಕೆರೆಯ ವಿಷಯವನ್ನು. ಕೆರೆಯನ್ನು ಮಾಡಿಸಿದೆ ಎಂಬುದೇ ಶಾಸನದ ಮುಖ್ಯ ಮಾತು. ಕಣಿವೆಯಲ್ಲಿ ಇಂದಿಗೂ ಕೆರೆಯೊಂದಿದೆ.

ನಾನು ಮೊದಲ ಬಾರಿಗೆ ಮಕ್ಕಳೊಂದಿಗೆ ಅಲ್ಲಿ ಬಿಡಾರ ಹೂಡಿದ್ದು 1991ರ ಜನವರಿಯಲ್ಲಿ. ಮೂವತ್ತೆಂಟು ಮಕ್ಕಳು, ಅವರಲ್ಲಿ ಹನ್ನೆರಡು ಹೆಣ್ಣುಮಕ್ಕಳು. ಇಳಿದುಕೊಂಡದ್ದು ಪಟ್ಟಣದ ಒಂದು ಶಾಲೆಯ ಕೊಠಡಿಗಳಲ್ಲಿ. ಮೊದಲ ದಿನ ಶಾಸನದ ಮುಂದೆ ನಿಲ್ಲಿಸಿ ನನಗೆ ತಿಳಿದಷ್ಟನ್ನು ಹೇಳಿದೆ. ಮಕ್ಕಳು ಕೇಳಿದರು, ಬರೆದುಕೊಂಡರು, ಆಕಳಿಸಿದರು. ಅಂದೇ ನಾವು ಬಸ್ಸು ಹತ್ತಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ರಾತ್ರಿ ಮುದ್ದೆ, ಹುರುಳಿ ಸಾರು ಉಂಡು ಮಲಗುವ ಹೊತ್ತಿಗೆ ಒಬ್ಬ ಹುಡುಗ ನನ್ನ ಚಾಪೆಯ ಬಳಿಗೆ ಬಂದ. ಅವನದು ನೀರುಗಂಟಿಗಳ ಮನೆತನ. ತಲೆತಲಾಂತರದಿಂದ ಊರ ಕೆರೆಯ ತೂಬು ಎತ್ತಿ ಇಳಿಸುತ್ತಿದ್ದವರು. ತರಗತಿಯಲ್ಲಿ ಬಾಯಿ ಬಿಟ್ಟವನೇ ಅಲ್ಲ. "ಸಾರ್, ರಾಜ ಕೆರೆ ಕಟ್ಟಿಸಿದ ಅಂತ ಬರ್ಸಿದಾನೆ, ಸರಿ. ತೂಬು ಎಲ್ಲಿಡ್ಬೇಕು ಅಂತ ತೋರಿಸ್ದೋರು ಯಾರು? ಅವರ ಹೆಸರು ಎಲ್ಲೂ ಇಲ್ವಾ?" ಎಂದು ಕೇಳಿದ.

ಬಿ.ಎಡ್. ತರಗತಿಯಲ್ಲಿ ನಮಗೆ 'ಮಗುವಿನಿಂದ ಪ್ರಶ್ನೆಯನ್ನು ಹೊರಡಿಸಬೇಕು' ಎಂದು ಕಲಿಸಿದ್ದರು. ಪಾಠ ಯೋಜನೆಯ ಪುಸ್ತಕದಲ್ಲಿ ಎಷ್ಟೋ ಬಾರಿ ಅದನ್ನು ಬರೆದಿದ್ದೆ. ಅಂಥ ಪ್ರಶ್ನೆ ನಿಜವಾಗಿ ಹೊರಟದ್ದನ್ನು ಕಂಡದ್ದು ಆ ರಾತ್ರಿ. ಮರುದಿನ ಆ ಹುಡುಗನೇ ಮುಂದಾಗಿ ಏರಿಯ ಮೇಲೆ ನಡೆದ. ನೀರು ಯಾವ ಬೆಟ್ಟದಿಂದ ಬರುತ್ತದೆ, ಏರಿ ಎಲ್ಲಿ ಬಾಗುತ್ತದೆ, ಏಕೆ ಬಾಗುತ್ತದೆ, ನೆಲ ಎತ್ತ ಇಳಿಯುತ್ತದೆ, ಎಂದೆಲ್ಲ ಉಳಿದವರಿಗೆ ತೋರಿಸಿದ. ನಾನು ಹಿಂದೆ ಹಿಂದೆ ನಡೆದೆ. ನಮ್ಮ ನೊಣವಿನಕೆರೆಯ ಏರಿಯ ಮೇಲೆ ದಿನವೂ ಓಡಾಡುವ ಮಕ್ಕಳು, ಆ ಏರಿಗೂ ಒಬ್ಬ ಮೊದಲಿಗನಿದ್ದನೆಂದು ಮಾತಾಡಿಕೊಂಡದ್ದು ನೂರಾರು ವರ್ಷ ಹಳೆಯದಾದ ಇನ್ನೊಂದು ಏರಿಯ ಮೇಲೆ ನಿಂತು.

ಮೊದಲಿಗರ ವಿಷಯದಲ್ಲಿ ಚಂದ್ರವಳ್ಳಿ ಇನ್ನೂ ಒಂದು ಪಾಠವನ್ನು ಕಲಿಸುತ್ತದೆ. ಕೃಷ್ಣ ಅವರು ಅಗೆದ ಮೇಲೆ, 1947ರಲ್ಲಿ, ಆಗ ಭಾರತೀಯ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವ್ಹೀಲರ್ ಅವರು ಅಲ್ಲಿಯೂ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಉತ್ಖನನ ನಡೆಸಿದರು. ಚಂದ್ರವಳ್ಳಿಯ ನೆಲದಲ್ಲಿ ಶಾತವಾಹನರ ನಾಣ್ಯಗಳು ದೊರೆತಿವೆ. ರೋಮನ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿ ನಾಣ್ಯಗಳೂ ದೊರೆತಿವೆ. ಮಯೂರಶರ್ಮನಿಗಿಂತ ಮುನ್ನೂರು ವರ್ಷ ಹಿಂದೆಯೇ ಆ ಕಣಿವೆಯ ಸಂತೆಗೆ ರೋಮಿನ ಹಣ ಬಂದಿತ್ತೆಂದಾಯಿತು. ಆ ಪದರದ ಕೆಳಗೆ ಬೃಹತ್ ಶಿಲಾಸಮಾಧಿಗಳನ್ನು ಕಟ್ಟಿದ ಜನರ ಪದರವಿದೆ. ಅವರ ಹೆಸರು ಯಾರಿಗೂ ಗೊತ್ತಿಲ್ಲ. ಯಾರನ್ನಾದರೂ 'ಮೊದಲು ಬಂದವರು' ಎಂದು ಹೇಳಿ ಒಂದು ಮೊಳ ಅಗೆದರೆ ಅವರಿಗಿಂತ ಮೊದಲಿದ್ದವರ ಮಡಕೆಯ ಚೂರು ಸಿಕ್ಕುತ್ತದೆ.

ಇದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ನೆಲೆಸಿರುವ ನನ್ನ ಶಿಷ್ಯನೊಬ್ಬ ಕಳೆದ ಬೇಸಿಗೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಮಿಚೆಲ್ ಎಂಬ ಊರಿನ ಬಳಿಯ ಸ್ಪ್ರಿಂಗ್ ಮಿಲ್ ಸ್ಟೇಟ್ ಪಾರ್ಕಿನಲ್ಲಿ ಡೇರೆ ಹಾಕಿಕೊಂಡು ಎರಡು ರಾತ್ರಿ ಇದ್ದು ಬಂದ ವೃತ್ತಾಂತವನ್ನು ಬರೆದು ಕಳಿಸಿದ್ದಾನೆ. ಅಲ್ಲಿ ಸುಣ್ಣಕಲ್ಲಿನ ಗುಹೆಗಳಿವೆ. ಒಂದರೊಳಕ್ಕೆ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಕತ್ತಲೆಯಲ್ಲೇ ಹುಟ್ಟಿ ಬೆಳೆದು ಕಣ್ಣೇ ಇಲ್ಲವಾದ ಮೀನುಗಳು ಆ ನೀರಿನಲ್ಲಿವೆ. ಗುಹೆಯಿಂದ ಹರಿದು ಬರುವ ನೀರಿನಿಂದಲೇ ತಿರುಗುವ ಹಿಟ್ಟಿನ ಗಿರಣಿಯನ್ನು 1817ರಲ್ಲಿ ವಲಸಿಗರು ಕಲ್ಲಿನಿಂದ ಕಟ್ಟಿದರು. ಸುತ್ತಲೂ ಊರು ಬೆಳೆಯಿತು, ಮತ್ತೆ ಪಾಳುಬಿತ್ತು. ಸರಕಾರ ಆ ಊರನ್ನು ಪುನಃ ಎತ್ತಿ ನಿಲ್ಲಿಸಿದೆ. ಮೊದಲು ಬಂದವರ ಹಳ್ಳಿಯೆಂದೇ ಅದನ್ನು ಕರೆಯುತ್ತಾರಂತೆ. ಆ ಸೀಮೆಯಲ್ಲಿ ಅವರಿಗಿಂತ ಮೊದಲು ಮಿಯಾಮಿ, ಡೆಲಾವೇರ್, ಶಾನೀ ಮುಂತಾದ ಮೂಲನಿವಾಸಿಗಳಿದ್ದರೆಂಬುದನ್ನು ಮಕ್ಕಳಿಗೆ ತಪ್ಪದೆ ಹೇಳು ಎಂದು ಅವನಿಗೆ ಉತ್ತರ ಬರೆದೆ. ಮೇಷ್ಟರ ಚಾಳಿ!

ಇನ್ನೂರು ವರ್ಷದ ಗಿರಣಿಯ ಮುಂದೆ ನಮ್ಮ ಹದಿನಾರು ನೂರು ವರ್ಷದ ಶಾಸನವನ್ನಿಟ್ಟು ಬೀಗಲು ನಾನು ಇದನ್ನು ಬರೆಯುತ್ತಿಲ್ಲ. ಅವರಲ್ಲಿ ಇರುವುದು, ನಮ್ಮಲ್ಲಿ ಇಲ್ಲದಿರುವುದು ಬೇರೆಯೇ ಇದೆ. ಗುಹೆಗೂ ಹಳ್ಳಿಗೂ ನಡೆದು ಹೋಗುವಷ್ಟು ದೂರದಲ್ಲಿ ಸಾಮಾನ್ಯ ಸಂಸಾರವೊಂದು ತನ್ನ ಕೈಗೆಟುಕುವ ಬಾಡಿಗೆ ಕೊಟ್ಟು ರಾತ್ರಿ ಕಳೆಯಲು ಸರಕಾರವೇ ಸ್ಥಳ ಮಾಡಿಟ್ಟಿದೆ. ಸಮತಟ್ಟಾದ ನೆಲ, ಕುಡಿಯುವ ನೀರಿನ ನಲ್ಲಿ, ಸ್ನಾನಗೃಹ, ಶೌಚಾಲಯ, ವಿಚಾರಿಸಿಕೊಳ್ಳಲು ಒಬ್ಬ ಸಿಬ್ಬಂದಿ. ಅಷ್ಟೇ. ನಮ್ಮ ಸರಕಾರದ ಜಂಗಲ್ ಲಾಡ್ಜಸ್‌ನ ವಸತಿಗಳು ಕಾಡಿನ ನಡುವೆ ಇವೆ, ಸೊಗಸಾಗಿಯೂ ಇವೆಯಂತೆ. ಆದರೆ ಕೊಬ್ಬರಿಯ ಧಾರಣೆ ನೋಡಿಕೊಂಡು ಮಗನ ಫೀಜು ಕಟ್ಟುವ ರೈತನ ಮಕ್ಕಳಿಗಲ್ಲ. ಸ್ಮಾರಕಗಳ ಬಾಗಿಲು ಸಂಜೆಗೆ ಮುಚ್ಚುತ್ತದೆ. ಮುಚ್ಚಬೇಕಾದದ್ದೇ. ಮುಚ್ಚಿದ ಮೇಲೆ ನಲವತ್ತು ಮಕ್ಕಳೊಂದಿಗೆ ನಿಂತ ಮೇಷ್ಟ್ರು ಎಲ್ಲಿಗೆ ಹೋಗಬೇಕೆಂಬುದು ಯಾವ ಇಲಾಖೆಯ ವಿಷಯವೂ ಅಲ್ಲ.

1991ರ ಬಿಡಾರಕ್ಕೆ ಹನ್ನೆರಡು ಹೆಣ್ಣುಮಕ್ಕಳು ಬಂದದ್ದು ಸುಲಭದಲ್ಲಿ ಆಗಲಿಲ್ಲ. 'ಹಗಲಿನ ಪ್ರವಾಸಕ್ಕಾದರೆ ಕಳಿಸುತ್ತೇವೆ, ರಾತ್ರಿ ಉಳಿಯುವುದಕ್ಕೆ ಇಲ್ಲ' ಎಂದು ಮನೆಮನೆಯಲ್ಲೂ ಹೇಳಿದರು. ಕೊನೆಗೆ ಒಬ್ಬ ಹುಡುಗಿಯ ಅಜ್ಜಿ ಶಾಲೆಯವರೆಗೆ ಬಂದು, "ಮೇಷ್ಟ್ರೇ, ಹೆಣ್ ಹುಡ್ಗೀರ್ನ ಕರ್ಕೊಂಡ್ ಹೋಗೋದಾದ್ರೆ ನಾನೂ ಬರ್ತೀನಿ. ಬಾಗ್ಲಾಗೆ ಮಲಗ್ತೀನಿ, ಯಾವನ್ ದಾಟ್ತಾನೆ ನೋಡೋಣ" ಎಂದರು. ಆ ತಾಯಿ ಬಂದರು. ಎರಡು ರಾತ್ರಿಯೂ ಹೆಣ್ಣುಮಕ್ಕಳ ಕೋಣೆಯ ಹೊಸ್ತಿಲಿಗೆ ಅಡ್ಡಲಾಗಿ ಮಲಗಿದರು. ಹಗಲು ಅಡುಗೆಯವನಿಗೆ ಮುದ್ದೆ ತಿರುವುವುದನ್ನು ಕಲಿಸಿಕೊಟ್ಟರು. ಅಂಕಲಿ ಮಠದ ಗುಹೆಗೂ ಇಳಿದರು. ಆದರೆ ನಾವಿಳಿದಿದ್ದ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲಿರುವ ಒಂದು ಶೌಚಾಲಯವೂ ಇರಲಿಲ್ಲ. ನಸುಕಿನಲ್ಲೇ ನನ್ನ ಸಹೋದ್ಯೋಗಿ ಉಪಾಧ್ಯಾಯಿನಿಯವರು ಮಕ್ಕಳನ್ನು ಮೂರು ಮೂರು ಜನರಂತೆ ಎದುರು ಮನೆಗೆ ಕರೆದೊಯ್ಯಬೇಕಾಯಿತು. ಆ ಮನೆಯವರ ಔದಾರ್ಯ ದೊಡ್ಡದು. ಆದರೆ ಶಿಕ್ಷಣವು ಎದುರು ಮನೆಯವರ ಔದಾರ್ಯವನ್ನು ನಂಬಿಕೊಂಡು ನಡೆಯಬಾರದು. ಮುಂದಿನ ವರ್ಷ ಹನ್ನೆರಡರಲ್ಲಿ ಐವರ ಮನೆಯವರು ತಂಗಿಯರನ್ನು ಕಳಿಸಲಿಲ್ಲ. ಕಾರಣ ಯಾರೂ ಹೇಳಲಿಲ್ಲ. ನಮಗೆ ಗೊತ್ತಿತ್ತು.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಚಂದ್ರವಳ್ಳಿ, ಬಾದಾಮಿ, ಹಂಪೆ, ನಮ್ಮ ಜಿಲ್ಲೆಯದೇ ಆದ ಸಿದ್ಧರಬೆಟ್ಟ, ಇಂಥ ಪ್ರತಿಯೊಂದು ಸ್ಥಳದ ಹತ್ತಿರ ಒಂದು ವಿದ್ಯಾರ್ಥಿ ಬಿಡಾರ ಇರಲಿ. ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರು ನಿಷೇಧಿತ, ಅದರಾಚೆ ಇನ್ನೂರು ಮೀಟರು ನಿಯಂತ್ರಿತ ಪ್ರದೇಶವೆಂದು ಕಾನೂನು ಹೇಳುತ್ತದೆ. ಅದಕ್ಕೂ ಆಚೆಗೇ ಕಟ್ಟಲಿ. ಎರಡು ದೊಡ್ಡ ಹಜಾರ, ಅಡುಗೆಮನೆ, ಗಟ್ಟಿ ಬಾಗಿಲಿನ ಶೌಚಾಲಯಗಳು, ರಾತ್ರಿ ಕಾವಲಿಗೆ ಒಬ್ಬ ಗಂಡಸು, ಒಬ್ಬ ಹೆಂಗಸು. ಇದು ನಮಗೆ ಹೊಸದೂ ಅಲ್ಲ. ಹರಿಹರದ ಬಳಿಯ ಕೊಂಡಜ್ಜಿಯಲ್ಲಿ, ದೊಡ್ಡಬಳ್ಳಾಪುರದಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯವರು ಶಿಬಿರ ತಾಣಗಳನ್ನು ಮಾಡಿಕೊಂಡಿದ್ದಾರೆ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಕಾಲೇಜು ಹುಡುಗರು ಏಳೇಳು ದಿನ ಹಳ್ಳಿಗಳಲ್ಲಿ ತಂಗುತ್ತಾರೆ. ಸರಕಾರಿ ಶಾಲೆಯ ಮಕ್ಕಳಿಗೆಂದು 'ಚಿಣ್ಣರ ಕರ್ನಾಟಕ ದರ್ಶನ' ಎಂಬ ಒಳ್ಳೆಯ ಯೋಜನೆಯೊಂದು ರೂಪುಗೊಂಡಿತು. ಅದರ ಉದ್ದೇಶವನ್ನು ನಾನು ಗೌರವಿಸುತ್ತೇನೆ. ಅಂಥ ಯೋಜನೆ ಇಡೀ ಕರ್ನಾಟಕವನ್ನು ಬಸ್ಸಿನ ಕಿಟಕಿಯಿಂದ ತೋರಿಸುವ ಬದಲು ಅದರ ಒಂದು ಮೂಲೆಯಲ್ಲಿ ಮಕ್ಕಳನ್ನು ಇಳಿಸಿ ಎರಡು ದಿನ ಬಿಟ್ಟರೆ ಇನ್ನೂ ಹೆಚ್ಚಿನ ಫಲ ದೊರೆತೀತು.

ಬಿಡಾರವೆಂದರೆ ಬೆಟ್ಟದ ಬುಡದಲ್ಲಿ ಡೇರೆ ಹೊಡೆಯುವುದೆಂದು ಯಾರೂ ತಿಳಿಯಬಾರದು. ಚಿತ್ರದುರ್ಗದ ಸುತ್ತಲಿನ ಗುಡ್ಡಗಳಲ್ಲಿ ಕರಡಿಯೂ ಇದೆ, ಚಿರತೆಯೂ ಇದೆ. ಜೋಗಿಮಟ್ಟಿಯ ಕಾಡು ದೂರವಿಲ್ಲ. ಮಕ್ಕಳು ಗೋಡೆ, ಮಾಡು ಇರುವ ಕಡೆಯೇ ಮಲಗಬೇಕು. ಈಗೀಗ ಬೆಂಗಳೂರಿನಿಂದ ಹುಡುಗರು ಶನಿವಾರ ರಾತ್ರಿ ಬೆಟ್ಟಗಳಿಗೆ ಬಂದು ಬೆಂಕಿ ಹಾಕಿ, ಧ್ವನಿವರ್ಧಕ ಹಚ್ಚಿ, ಬಾಟಲಿ ಬಿಟ್ಟು ಹೋಗುವುದನ್ನೂ ಕ್ಯಾಂಪಿಂಗ್ ಎನ್ನುತ್ತಾರೆ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಜಾತ್ರೆಯಂತೆ ನುಗ್ಗಿದ ಮೇಲೆ ಸರಕಾರವು ಮುಂಗಡ ನೋಂದಣಿಯಿಲ್ಲದ ಚಾರಣವನ್ನು ತಡೆಹಿಡಿಯಬೇಕಾಯಿತು. ಆ ನಿರ್ಬಂಧ ಸರಿಯಾದದ್ದೇ. ಆದರೆ ಒಂದು ಪದ್ಧತಿಯ ಕೆಟ್ಟ ಬಳಕೆಯನ್ನು ತಡೆಯುವಾಗ ಒಳ್ಳೆಯ ಬಳಕೆಗೂ ಬಾಗಿಲು ತೆರೆದಿಡಬೇಕಲ್ಲವೇ?

ರಾತ್ರಿ ಉಳಿಯುವುದರಿಂದ ಆಗುವ ಲಾಭವೇನೆಂದು ಲೆಕ್ಕ ಕೇಳುವವರಿಗೆ ಒಂದು ಉದಾಹರಣೆ ಹೇಳುತ್ತೇನೆ. ಸಂಜೆ ಏಳು ಗಂಟೆಗೆ ಮಕ್ಕಳ ಅಂಗೈಯನ್ನು ಬಂಡೆಯ ಮೇಲೆ ಇರಿಸಿ. ಸೂರ್ಯ ಮುಳುಗಿದ್ದರೂ ಬಂಡೆ ಬೆಚ್ಚಗಿರುತ್ತದೆ. ಬೆಳಿಗ್ಗೆ ಆರಕ್ಕೆ ಅದೇ ಬಂಡೆಯನ್ನು ಮುಟ್ಟಿಸಿ. ಕೈ ಹಿಂದೆಗೆಯುವಷ್ಟು ತಣ್ಣಗಿರುತ್ತದೆ. ಬಿಸಿಲು, ಚಳಿ, ಮಳೆಗಳು ಸೇರಿ ಈ ಗಟ್ಟಿ ಗ್ರ್ಯಾನೈಟಿನ ಸಿಪ್ಪೆಯನ್ನು ಸುಲಿಯುವುದೂ, ಬಿರುಕಿನಲ್ಲಿ ನೀರು ಸೇರಿ ಬಂಡೆಗಳು ಬೇರ್ಪಟ್ಟು ಒಂದರ ಮೇಲೊಂದು ಒರಗಿ ನಡುವೆ ಗವಿಗಳಾಗುವುದೂ ಹೇಗೆಂದು ಆಮೇಲೆ ವಿವರಿಸಿ. ಒಂಬತ್ತನೆಯ ತರಗತಿಯ 'ಶಿಲಾ ಶಿಥಿಲೀಕರಣ' ಎಂಬ ಪಾಠವನ್ನು ನಾನು ಕರಿಹಲಗೆಯ ಮೇಲೆ ಇಪ್ಪತ್ತು ಸಲ ಮಾಡಿದ್ದೇನೆ. ಮಕ್ಕಳು ಕಂಠಪಾಠ ಮಾಡಿ ಐದಕ್ಕೆ ಐದು ತೆಗೆದರು. ಅಂಗೈಯಿಂದ ಕಲಿತವರು ಮಾತ್ರ ಇಂದಿಗೂ, ನಲವತ್ತೈದು ಐವತ್ತರ ವಯಸ್ಸಿನಲ್ಲಿ, ಮದುವೆ ಮನೆಯಲ್ಲಿ ಸಿಕ್ಕಾಗ ಆ ಬಂಡೆಯ ಮಾತನ್ನು ತೆಗೆಯುತ್ತಾರೆ.

ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಅಡ್ಡಿಯಾಗುತ್ತದೆಂಬ ಆಕ್ಷೇಪಣೆಗೆ ನಾನು ಉತ್ತರಿಸಹೋಗುವುದಿಲ್ಲ. ಒಂಬತ್ತನೆಯ ತರಗತಿಯವರನ್ನು ಕರೆದೊಯ್ಯಿರಿ, ಮುಗಿಯಿತು.

ಮೇಲೆ ಹೇಳಿದ ನನ್ನ ಶಿಷ್ಯ ಮುಖ್ಯೋಪಾಧ್ಯಾಯ ಈ ಬಾರಿ ಐವತ್ತು ಮಕ್ಕಳನ್ನು ಎರಡು ರಾತ್ರಿಗೆ ಚಂದ್ರವಳ್ಳಿಗೆ ಕರೆದೊಯ್ಯಲು ಒಪ್ಪಿದ್ದಾನೆ. ಇಬ್ಬರು ಉಪಾಧ್ಯಾಯಿನಿಯರೂ, ಪೋಷಕರ ಪೈಕಿ ನಾಲ್ವರು ತಾಯಂದಿರೂ ಜೊತೆಗೆ ಬರುತ್ತಾರೆ. ಕಾಯಿ, ಕೊಬ್ಬರಿ, ರಾಗಿಹಿಟ್ಟು ಇಲ್ಲಿಂದಲೇ ಹೋಗುತ್ತವೆ. ಇಲಾಖೆಯ ಅನುಮತಿಗೆ ಅರ್ಜಿಯೂ ಹೋಗಿದೆ. ಸರಕಾರದ ಬಿಡಾರ ಕಟ್ಟುವವರೆಗೆ ಕಾಯುವಂತಿಲ್ಲವಾದ್ದರಿಂದ ಇಳಿದುಕೊಳ್ಳುವ ಜಾಗವೊಂದು ಮಾತ್ರ ಗೊತ್ತಾಗಬೇಕಾಗಿದೆ. ಚಿತ್ರದುರ್ಗದಲ್ಲಿ ಉದ್ಯೋಗದಲ್ಲಿರುವ ಅಥವಾ ನೆಂಟಸ್ತನವಿರುವ ನನ್ನ ಹಳೆಯ ವಿದ್ಯಾರ್ಥಿಗಳೇ, ಬಂಧುಗಳೇ, ಕಣಿವೆಗೆ ಹತ್ತಿರದಲ್ಲಿ ಯಾವುದಾದರೂ ಶಾಲೆಯೋ ಛತ್ರವೋ ಇದ್ದರೆ ದಯವಿಟ್ಟು ನೀವೇ ಒಮ್ಮೆ ಹೋಗಿ ನೋಡಿಕೊಂಡು ಬಂದು ನನಗೆ ಬರೆಯಿರಿ. ಕೊಠಡಿ ಎಷ್ಟಿವೆ ಎಂಬುದನ್ನು ಆಮೇಲೆ ಬರೆದರೂ ನಡೆದೀತು. ಮೊದಲು ಶೌಚಾಲಯಗಳಿಗೆ ಬಾಗಿಲು, ಬಾಗಿಲಿಗೆ ಅಗುಳಿ, ನಲ್ಲಿಯಲ್ಲಿ ನೀರು ಇವೆಯೇ ಎಂಬುದನ್ನು ಬರೆಯಿರಿ.